ಸ್ನಾನಗೃಹದ ಕಳಚಬಹುದಾದ ಗೋಡೆ ಫಲಕಗಳು

ಸ್ನಾನಗೃಹದ ಕಳಚಬಹುದಾದ ಗೋಡೆ ಫಲಕಗಳು ಎಂದರೆ ಸ್ನಾನದ ಮನೆಯ ಗೋಡೆಗಳ ಮೇಲೆ ಅಲಂಕಾರಕ್ಕಾಗಿ ಹಾಗೂ ಹೊದಿಕೆಗಾಗಿ ಜೋಡಿಸುವ, ಅಗತ್ಯ ಬಿದ್ದಾಗ ಗೋಡೆಗೂ ಫಲಕಕ್ಕೂ ಹಾನಿಯಾಗದಂತೆ ತೆಗೆದು ಮತ್ತೆ ಕೂರಿಸಬಹುದಾದ ತೆಳುವಾದ ಹಲಗೆಗಳು. ಇವನ್ನು ಪಿ.ವಿ.ಸಿ., ಅಕ್ರಿಲಿಕ್, ಲ್ಯಾಮಿನೇಟ್, ಅಲ್ಯೂಮಿನಿಯಂ ಸಂಯುಕ್ತ ಹಾಳೆ, ಗಾಜು ಮುಂತಾದ ನೀರು ಹೀರದ ವಸ್ತುಗಳಿಂದ ತಯಾರಿಸಲಾಗುತ್ತದೆ. ಬಳಕೆಯ ಮಾತಿನಲ್ಲಿ ಇವನ್ನು 'ಪ್ಯಾನೆಲ್' ಅಥವಾ 'ಶೀಟ್' ಎಂದೇ ಕರೆಯುವುದುಂಟು. ಸಿಮೆಂಟಿನಿಂದ ಅಂಟಿಸಿದ ಟೈಲ್ಸ್ ಗೋಡೆಯ ಶಾಶ್ವತ ಭಾಗವಾಗುತ್ತದೆ. ಅದನ್ನು ಒಡೆಯದೆ ತೆಗೆಯುವುದು ಕಷ್ಟ. ಕಳಚಬಹುದಾದ ಫಲಕವಾದರೋ ಕೊಕ್ಕೆ, ಪಟ್ಟಿ ಅಥವಾ ಸ್ಕ್ರೂಗಳ ಆಧಾರದಲ್ಲಿ ನಿಲ್ಲುತ್ತದೆ. ಗೋಡೆಯೊಳಗಿನ ನೀರಿನ ಕೊಳವೆಯನ್ನು ದುರಸ್ತಿ ಮಾಡಲು, ಹಿಂಬದಿಯ ತೇವವನ್ನು ಪರೀಕ್ಷಿಸಲು, ಬಾಡಿಗೆಮನೆಯನ್ನು ಬಿಡುವಾಗ ಜೊತೆಯಲ್ಲಿ ಒಯ್ಯಲು ಇದರಿಂದ ಅನುಕೂಲವಾಗುತ್ತದೆ.

ಫಲಕದ ಜೋಡಣೆ ನೋಟಕ್ಕೆ ಸರಳವಾದ ಕೆಲಸ. ಆದರೆ ಸ್ನಾನಗೃಹದಲ್ಲಿ ನೀರು, ಆವಿ, ವಿದ್ಯುತ್ತು ಮತ್ತು ಹಲವು ಮನೆಗಳಲ್ಲಿ ಅನಿಲ ಗೀಜರ್ ಒಂದೇ ಚಿಕ್ಕ ಕೋಣೆಯಲ್ಲಿ ಸೇರಿರುತ್ತವೆ. ಆದ್ದರಿಂದ ತಪ್ಪಾಗಿ ಜೋಡಿಸಿದ ಫಲಕವು ಬೂಷ್ಟು ಬೆಳೆಯಲು, ಗೋಡೆ ಶಿಥಿಲಗೊಳ್ಳಲು ಮತ್ತು ಕೆಲವು ಸಂದರ್ಭಗಳಲ್ಲಿ ಪ್ರಾಣಾಪಾಯಕ್ಕೂ ಕಾರಣವಾಗಬಲ್ಲದು.

ಹಿನ್ನೆಲೆ

ಸ್ನಾನದ ಸ್ಥಳವನ್ನು ಅಲಂಕರಿಸುವ ಪದ್ಧತಿ ಬಹಳ ಹಳೆಯದು. ರೋಮನ್ನರ ಸ್ನಾನಗೃಹಗಳ ಗೋಡೆಗಳಿಗೆ ಅಮೃತಶಿಲೆಯ ತೆಳುಹಲಗೆಗಳನ್ನು ಹೊದಿಸಲಾಗುತ್ತಿತ್ತು. ಹಂಪಿಯಲ್ಲಿರುವ ರಾಣಿಯರ ಸ್ನಾನಗೃಹವು ಹೊರಗಿನಿಂದ ಸರಳವಾಗಿ ಕಂಡರೂ, ಒಳಭಾಗದ ಕಮಾನಿನ ಮೊಗಸಾಲೆ ಹಾಗೂ ಮುಂಚಾಚಿದ ಉಪ್ಪರಿಗೆಗಳಲ್ಲಿ ಗಾರೆಯ ಅಲಂಕರಣವನ್ನು ಹೊಂದಿದೆ. ಯುರೋಪಿನ ತಂಪು ಪ್ರದೇಶಗಳಲ್ಲಿ ಕಲ್ಲಿನ ಗೋಡೆಯ ಚಳಿಯನ್ನು ತಡೆಯಲು ಓಕ್ ಮರದ ಹಲಗೆಗಳನ್ನು ಹೊದಿಸುವ ರೂಢಿ ಬೆಳೆಯಿತು.

ಇಂದಿನ ಫಲಕಗಳಿಗೆ ಆಧಾರವಾದುದು 19 ಮತ್ತು 20ನೆಯ ಶತಮಾನದ ರಸಾಯನಶಾಸ್ತ್ರ. ಜರ್ಮನಿಯ ಯೂಜೆನ್ ಬೌಮನ್ 1872ರಲ್ಲಿ ಪಾಲಿವಿನೈಲ್ ಕ್ಲೋರೈಡನ್ನು ಗುರುತಿಸಿದನು. ಅದು ಗಡುಸಾಗಿಯೂ ಪೆಡಸಾಗಿಯೂ ಇದ್ದುದರಿಂದ ಬಹುಕಾಲ ಉಪಯೋಗಕ್ಕೆ ಬರಲಿಲ್ಲ. ಅಮೆರಿಕದ ವಾಲ್ಡೊ ಸೆಮನ್ 1926ರಲ್ಲಿ ಅದನ್ನು ಮೃದುಗೊಳಿಸುವ ವಿಧಾನವನ್ನು ಕಂಡುಹಿಡಿದ ಮೇಲೆ ಅದರ ಬಳಕೆ ಹರಡಿತು. 1912ರಲ್ಲಿ ಹರ್ಬರ್ಟ್ ಫೇಬರ್ ಮತ್ತು ಡೇನಿಯಲ್ ಓಕಾನರ್ ಎಂಬವರು ವಿದ್ಯುತ್ ಉಪಕರಣಗಳಲ್ಲಿ ಬಳಸುತ್ತಿದ್ದ ಅಭ್ರಕಕ್ಕೆ ಬದಲಿಯಾಗಿ ಫಾರ್ಮೈಕಾ ಎಂಬ ಪದರಹಾಳೆಯನ್ನು ರೂಪಿಸಿದರು. ಅದೇ ಮುಂದೆ ಮೇಜು, ಬೀರು ಹಾಗೂ ಗೋಡೆಗಳ ಹೊದಿಕೆಯಾಗಿ ಮನೆಮಾತಾಯಿತು.

ಗೋಡೆಗೆ ಸ್ಕ್ರೂ ಹಿಡಿಸುವ ಸಾಧನಗಳ ಚರಿತ್ರೆಯೂ ಇದೇ ಕಾಲದ್ದು. ಭಾರತದ ಕಾರ್ಮಿಕರು ಇಂದಿಗೂ ಬಳಸುವ 'ರಾವಲ್ ಪ್ಲಗ್' ಎಂಬ ಹೆಸರು, 20ನೆಯ ಶತಮಾನದ ಎರಡನೆಯ ದಶಕದಲ್ಲಿ ಗೋಡೆಯ ಪ್ಲಗ್ಗನ್ನು ರೂಪಿಸಿದ ಇಂಗ್ಲೆಂಡಿನ ಜಾನ್ ಜೋಸೆಫ್ ರಾಲಿಂಗ್ಸ್‌ನ ಹೆಸರಿನಿಂದ ಬಂದುದು. ಈಗ ಬಳಕೆಯಲ್ಲಿರುವ, ಸ್ಕ್ರೂ ತಿರುಗಿದಂತೆ ಹಿಗ್ಗುವ ನೈಲಾನ್ ಪ್ಲಗ್ಗನ್ನು ಜರ್ಮನಿಯ ಆರ್ಟುರ್ ಫಿಷರ್ 1958ರಲ್ಲಿ ಹೊರತಂದನು.

ತೇವ ಮತ್ತು ಗೋಡೆ

ಫಲಕವನ್ನು ಜೋಡಿಸುವ ಮುನ್ನ ಸ್ನಾನಗೃಹದಲ್ಲಿ ತೇವ ಎಲ್ಲಿಂದ ಬರುತ್ತದೆ ಎಂಬುದನ್ನು ಅರಿಯುವುದು ಅವಶ್ಯ. ಅದು ಮುಖ್ಯವಾಗಿ ಮೂರು ಬಗೆಯಲ್ಲಿ ಬರುತ್ತದೆ.

ಮೊದಲನೆಯದು ನೇರವಾಗಿ ಸಿಡಿಯುವ ನೀರು. ಷವರ್, ಬಕೆಟ್ಟು ಹಾಗೂ ನಲ್ಲಿಯ ಸುತ್ತಲಿನ ಗೋಡೆಗೆ ಇದು ದಿನವೂ ತಾಗುತ್ತದೆ.

ಎರಡನೆಯದು ಆವಿ ತಣಿದು ನೀರಾಗುವುದು. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. ಅದೇ ಗಾಳಿ 24 ಡಿಗ್ರಿಗೆ ತಣಿದರೆ ಸುಮಾರು 22 ಗ್ರಾಂ ಮಾತ್ರ ಹಿಡಿಯುತ್ತದೆ. ಉಳಿದ ನೀರು ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟುತ್ತದೆ. ಬಿಸಿನೀರಿನ ಸ್ನಾನದ ಬಳಿಕ ಕನ್ನಡಿ ಮಸುಕಾಗುವುದು ಇದೇ ಕಾರಣದಿಂದ. ಫಲಕದ ಅಂಚುಗಳಲ್ಲಿ ಸಂದಿಯಿದ್ದರೆ ಆವಿಯು ಹಿಂದಕ್ಕೂ ನುಗ್ಗಿ ಅಲ್ಲಿಯೂ ಹನಿಗಟ್ಟುತ್ತದೆ. ಮುಂಭಾಗದ ಹನಿಯನ್ನು ಬಟ್ಟೆಯಿಂದ ಒರಸಬಹುದು. ಹಿಂಭಾಗದ ಹನಿ ಯಾರಿಗೂ ಕಾಣಿಸದು.

ಮೂರನೆಯದು ಗೋಡೆಯೊಳಗಿನಿಂದಲೇ ಬರುವ ತೇವ. ಒಡೆದ ಕೊಳವೆ, ಮೇಲಂತಸ್ತಿನ ಬಚ್ಚಲಿನ ಸೋರಿಕೆ, ಹೊರಗೋಡೆಗೆ ಬಡಿಯುವ ಮಳೆ ಅಥವಾ ನೆಲದಿಂದ ಮೇಲೇರುವ ನೀರಿನ ಪಸೆ ಇದಕ್ಕೆ ಕಾರಣ. ಕರಾವಳಿ ಮತ್ತು ಮಲೆನಾಡಿನಲ್ಲಿ ಇದು ವಿಶೇಷವಾಗಿ ಗಮನಿಸಬೇಕಾದ ಸಂಗತಿ. ಮಂಗಳೂರಿನಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುವುದರಿಂದ ಗೋಡೆ ಒಣಗಲು ಅವಕಾಶವೇ ಸಿಗುವುದಿಲ್ಲ.

ತೇವದ ಮೂಲವನ್ನು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಸುಮಾರು 45 ಸೆಂ.ಮೀ. ಅಗಲ ಮತ್ತು ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಒರಸಿ ಒಣಗಿಸಿದ ಗೋಡೆಗೆ ನಾಲ್ಕೂ ಅಂಚುಗಳಲ್ಲಿ ಟೇಪಿನಿಂದ ಗಾಳಿಯಾಡದಂತೆ ಅಂಟಿಸಿ ಒಂದು ದಿನ ಬಿಡಬೇಕು. ಹಾಳೆಯ ಒಳಮುಖದಲ್ಲಿ, ಅಂದರೆ ಗೋಡೆಯ ಕಡೆ, ಹನಿಗಳಿದ್ದರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ ಎಂದರ್ಥ. ಹೊರಮುಖದಲ್ಲಿ ಮಾತ್ರ ಹನಿಗಳಿದ್ದರೆ ಅದು ಕೋಣೆಯ ಆವಿಯಿಂದಾದುದು. ಬಣ್ಣ ಉಬ್ಬುವುದು, ಗಾರೆ ಉದುರುವುದು, ಬಿಳಿಯ ಉಪ್ಪಿನ ಪುಡಿ ಕಾಣಿಸಿಕೊಳ್ಳುವುದು ಇವೂ ಒಳತೇವದ ಲಕ್ಷಣಗಳು. ಇಂತಹ ಗೋಡೆಯನ್ನು ಮೊದಲು ದುರಸ್ತಿ ಮಾಡಿ, ಪೂರ್ಣವಾಗಿ ಒಣಗಲು ಬಿಟ್ಟ ಬಳಿಕವೇ ಫಲಕವನ್ನು ಜೋಡಿಸಬೇಕು. ಕಲೆಯನ್ನು ಮರೆಮಾಡಲೆಂದು ಮೇಲೆ ಫಲಕ ಹೊದಿಸಿದರೆ ಒಳಗಿನ ದೋಷ ಬೆಳೆಯುತ್ತಲೇ ಹೋಗುತ್ತದೆ. ಕಾಂಕ್ರೀಟಿನ ಸರಳುಗಳಿಗೆ ತುಕ್ಕು ಹಿಡಿಯುವವರೆಗೂ ಅದು ಗೊತ್ತಾಗದೆ ಇರಬಹುದು.

ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆಯೂ ಇರುತ್ತವೆ. ಒದ್ದೆಯಾದ ಮೇಲ್ಮೈ 24ರಿಂದ 48 ಗಂಟೆಗಳೊಳಗೆ ಒಣಗದಿದ್ದರೆ ಅವು ಬೇರೂರಲು ತೊಡಗುತ್ತವೆ. ಉಬ್ಬಸ ಹಾಗೂ ಅಲರ್ಜಿ ಇರುವವರಿಗೆ ಬೂಷ್ಟಿನಿಂದ ತೊಂದರೆ ಹೆಚ್ಚುತ್ತದೆ. ಫಲಕವು ಕಳಚುವಂತಿರಬೇಕು ಎಂಬುದಕ್ಕೆ ಅದರ ಹಿಂಭಾಗವನ್ನು ಆಗಾಗ ನೋಡಲು ಸಾಧ್ಯವಾಗಬೇಕು ಎಂಬುದೇ ಮುಖ್ಯ ಕಾರಣ.

ಫಲಕದ ವಸ್ತುಗಳು

ಪಿ.ವಿ.ಸಿ. ಫಲಕ: ಭಾರತದಲ್ಲಿ ಹೆಚ್ಚು ಬಳಕೆಯಲ್ಲಿದೆ. ಒಳಗೆ ಟೊಳ್ಳಾದ ಕೋಶಗಳಿರುವ ಉದ್ದನೆಯ ಪಟ್ಟಿಗಳು ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುವಂತೆ ರೂಪಿತವಾಗಿರುತ್ತವೆ. ಅಮೃತಶಿಲೆಯ ಅಥವಾ ಮರದ ಚಿತ್ರವಿರುವ ಗಟ್ಟಿ ಹಾಳೆಗಳೂ ದೊರೆಯುತ್ತವೆ. ಇದು ಅಗ್ಗ, ಹಗುರ, ನೀರಿನಿಂದ ಕೆಡದು. ಆದರೆ ಸುಮಾರು 80 ಡಿಗ್ರಿ ಉಷ್ಣತೆಯಲ್ಲಿ ಮೆದುವಾಗುತ್ತದೆ, ಶಾಖಕ್ಕೆ ಗಮನಾರ್ಹವಾಗಿ ಹಿಗ್ಗುತ್ತದೆ.

ಅಕ್ರಿಲಿಕ್: ಹೊಳಪು ಹೆಚ್ಚು, ಹಿಂಬದಿಯಲ್ಲಿ ಬಣ್ಣ ಅಥವಾ ಚಿತ್ರ ಮುದ್ರಿಸಬಹುದು. 3 ಮಿ.ಮೀ. ದಪ್ಪದ ಹಾಳೆ ಚದರ ಮೀಟರಿಗೆ ಸುಮಾರು 3.6 ಕೆ.ಜಿ. ತೂಗುತ್ತದೆ. ಉಜ್ಜಿದರೆ ಗೀರು ಬೀಳುತ್ತದೆ. ಸ್ಪಿರಿಟ್, ಥಿನ್ನರ್‌ಗಳಿಂದ ಬಿರುಕು ಬಿಡುತ್ತದೆ.

ಕಾಂಪ್ಯಾಕ್ಟ್ ಲ್ಯಾಮಿನೇಟ್: ರಾಳದಲ್ಲಿ ಅದ್ದಿದ ಕಾಗದದ ಪದರಗಳನ್ನು ಶಾಖ ಮತ್ತು ಒತ್ತಡದಿಂದ ಬೆಸೆದ ಹಲಗೆ. ಸಾರ್ವಜನಿಕ ಶೌಚಾಲಯಗಳ ಅಡ್ಡಗೋಡೆಗಳಲ್ಲಿ ಕಾಣುವುದು ಇದೇ. ಬಹಳ ಬಾಳಿಕೆ ಬರುತ್ತದೆ. 6 ಮಿ.ಮೀ. ದಪ್ಪದ್ದು ಚದರ ಮೀಟರಿಗೆ 8ರಿಂದ 9 ಕೆ.ಜಿ. ತೂಗುತ್ತದೆ.

ಅಲ್ಯೂಮಿನಿಯಂ ಸಂಯುಕ್ತ ಹಾಳೆ: ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ತಿರುಳಿರುವ ಫಲಕ. ನೇರವಾಗಿ ನಿಲ್ಲುತ್ತದೆ, ಬಾಗದು. ಅಂಚುಗಳನ್ನು ಮುಚ್ಚದಿದ್ದರೆ ಪದರ ಬಿಡುವ ಸಂಭವವಿದೆ.

ಗಾಜು: ಸ್ನಾನಗೃಹದಲ್ಲಿ ಟಫನ್ಡ್ ಗಾಜನ್ನೇ ಬಳಸಬೇಕು. ಒಡೆದರೆ ಅದು ಚೂಪಾದ ಹೋಳುಗಳಾಗದೆ ಸಣ್ಣ ಹರಳುಗಳಾಗುತ್ತದೆ. 6 ಮಿ.ಮೀ. ಗಾಜು ಚದರ ಮೀಟರಿಗೆ 15 ಕೆ.ಜಿ. ತೂಗುವುದರಿಂದ ಆಗಾಗ ಕಳಚುವ ಫಲಕಕ್ಕೆ ಅಷ್ಟು ಯೋಗ್ಯವಲ್ಲ.

ಎಂ.ಡಿ.ಎಫ್., ಪಾರ್ಟಿಕಲ್ ಬೋರ್ಡ್, ಸಾಮಾನ್ಯ ಜಿಪ್ಸಮ್ ಬೋರ್ಡ್ ಹಾಗೂ ಒಳಾಂಗಣದ ಸಾಧಾರಣ ಪ್ಲೈವುಡ್ ಸ್ನಾನಗೃಹಕ್ಕೆ ತಕ್ಕವಲ್ಲ. ಇವು ನೀರು ಹೀರಿ ಉಬ್ಬುತ್ತವೆ. ಮರವೇ ಬೇಕೆಂದಾದರೆ ಭಾರತೀಯ ಮಾನಕ ಐ.ಎಸ್. 710ರ ಗುರುತಿರುವ ಮೆರೈನ್ ಪ್ಲೈವುಡ್ಡನ್ನು ಆರಿಸಿ, ಕತ್ತರಿಸಿದ ಅಂಚುಗಳಿಗೆ ವಾರ್ನಿಷ್ ಅಥವಾ ಎಪಾಕ್ಸಿ ಲೇಪಿಸಬೇಕು.

ಗೋಡೆಯ ಬಗೆಗಳು

ಫಲಕ ಎಷ್ಟು ಭದ್ರವಾಗಿ ನಿಲ್ಲುತ್ತದೆ ಎಂಬುದು ಗೋಡೆಯ ಮೇಲೆ ಅವಲಂಬಿಸಿದೆ. ಸುಟ್ಟ ಇಟ್ಟಿಗೆಯ ಗೋಡೆ ಮತ್ತು ಕಾಂಕ್ರೀಟ್ ಪ್ಲಗ್ಗನ್ನು ಚೆನ್ನಾಗಿ ಹಿಡಿಯುತ್ತವೆ. ಟೊಳ್ಳು ಕಾಂಕ್ರೀಟ್ ಬ್ಲಾಕಿನಲ್ಲಿ ರಂಧ್ರವು ಟೊಳ್ಳಿಗೆ ಬಿದ್ದರೆ ಸಾಮಾನ್ಯ ಪ್ಲಗ್ ತಿರುಗುತ್ತಲೇ ಇರುತ್ತದೆ. ಅಲ್ಲಿ ಹಿಂದೆ ಗಂಟಿನಂತೆ ಮಡಚಿಕೊಳ್ಳುವ ಪ್ಲಗ್ ಬೇಕು. ಹಗುರವಾದ ಎ.ಎ.ಸಿ. ಬ್ಲಾಕ್ ಮೃದುವಾಗಿರುವುದರಿಂದ ಅದಕ್ಕೆಂದೇ ತಯಾರಾದ ಉದ್ದನೆಯ ಪ್ಲಗ್ ಬಳಸಬೇಕು ಹಾಗೂ ಡ್ರಿಲ್ಲಿನ ಬಡಿತವನ್ನು ನಿಲ್ಲಿಸಿ ಕೊರೆಯಬೇಕು. ಕರಾವಳಿಯ ಮುರಕಲ್ಲು ರಂಧ್ರಮಯವಾದುದು. ಕೊರೆದಾಗ ಅಂಚು ಪುಡಿಯಾಗುವ ಸಾಧ್ಯತೆ ಇರುವುದರಿಂದ ಚಿಕ್ಕ ರಂಧ್ರದಿಂದ ಆರಂಭಿಸಿ ಹಿಗ್ಗಿಸುವುದು ಒಳ್ಳೆಯದು. ಮಣ್ಣಿನ ಅಥವಾ ಸುಣ್ಣದ ಗಾರೆಯ ಹಳೆಯ ಗೋಡೆಗಳು ಆವಿಯನ್ನು ಹೊರಬಿಡುತ್ತ ಒಣಗುವಂಥವು. ಇವನ್ನು ಪ್ಲಾಸ್ಟಿಕ್ಕಿನಿಂದ ಪೂರ್ತಿ ಮುಚ್ಚಿದರೆ ತೇವ ಒಳಗೇ ಉಳಿಯುತ್ತದೆ. ಆದ್ದರಿಂದ ಹಿಂದೆ ಗಾಳಿಯಾಡುವ ಜಾಗ ಬಿಡಲೇಬೇಕು.

ಜೋಡಣೆಯ ವಿಧಾನಗಳು

ಕೊಕ್ಕೆಪಟ್ಟಿ: 45 ಡಿಗ್ರಿ ಓರೆಯಾಗಿ ಸೀಳಿದ ಎರಡು ಪಟ್ಟಿಗಳನ್ನು ಬಳಸುವ ವಿಧಾನ. ಒಂದು ಪಟ್ಟಿಯನ್ನು ಅದರ ಓರೆ ಮೇಲ್ಮುಖವಾಗಿ, ಗೋಡೆಯ ಕಡೆಗೆ ಇಳಿಜಾರಾಗಿರುವಂತೆ ಗೋಡೆಗೆ ಬಿಗಿಯಲಾಗುತ್ತದೆ. ಇನ್ನೊಂದನ್ನು ತಲೆಕೆಳಗಾಗಿ ಫಲಕದ ಹಿಂಭಾಗಕ್ಕೆ ಹಿಡಿಸಲಾಗುತ್ತದೆ. ಫಲಕವನ್ನು ಮೇಲಿನಿಂದ ಇಳಿಸಿದಾಗ ಎರಡೂ ಒಂದರೊಳಗೊಂದು ಕೂರುತ್ತವೆ, ಫಲಕದ ತೂಕವೇ ಅದನ್ನು ಗೋಡೆಯತ್ತ ಸೆಳೆಯುತ್ತದೆ. ಅಲ್ಯೂಮಿನಿಯಮ್ಮಿನ 'ಝಡ್' ಆಕಾರದ ಪಟ್ಟಿಗಳೂ ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತವೆ. ಫಲಕವನ್ನು ಎತ್ತಿ ತೆಗೆಯಲು ಮೇಲೆ 15ರಿಂದ 20 ಮಿ.ಮೀ. ಜಾಗ ಬಿಡಬೇಕು.

ಅಂಚುಪಟ್ಟಿ ಮತ್ತು ತೋಡು: ಪಿ.ವಿ.ಸಿ. ಪಟ್ಟಿಗಳಿಗೆ ಯೋಗ್ಯ. ಗೋಡೆಯ ಎರಡು ಕೊನೆಗಳಲ್ಲಿ ತೋಡಿರುವ ಬೀಡಿಂಗ್ ಹಿಡಿಸಿ, ನಡುವೆ ರೀಪುಗಳನ್ನು ಬಿಗಿದು, ಪಟ್ಟಿಗಳನ್ನು ಒಂದೊಂದಾಗಿ ಸೇರಿಸಲಾಗುತ್ತದೆ. ಇಲ್ಲಿ ಒಂದು ಪಟ್ಟಿಯನ್ನು ತೆಗೆಯಬೇಕಾದರೆ ಕೊನೆಯಿಂದ ಬಿಚ್ಚುತ್ತ ಬರಬೇಕು.

ಕಾಣುವ ಸ್ಕ್ರೂ: ಫಲಕದ ಮೂಲೆಗಳಲ್ಲಿ ರಂಧ್ರ ಮಾಡಿ, ಸ್ಟೇನ್‌ಲೆಸ್ ಉಕ್ಕಿನ ಸ್ಕ್ರೂ ಬಿಗಿದು, ಮೇಲೆ ಟೊಪ್ಪಿಗೆಯಂತಹ ಮುಚ್ಚಳ ಹಾಕುವುದು. ಅತ್ಯಂತ ಸರಳ ಮತ್ತು ನಂಬಲರ್ಹ. ಕೊಳವೆಯ ಕವಾಟದ ಮೇಲಿನ ಚಿಕ್ಕ ಫಲಕಗಳಿಗೆ ಇದು ಉತ್ತಮ.

ಕೊಕ್ಕೆ-ಕುಣಿಕೆ ಟೇಪು: ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್, ತನ್ನ ನಾಯಿಯ ತುಪ್ಪಳಕ್ಕೆ ಅಂಟಿದ ಮುಳ್ಳುಬೀಜಗಳನ್ನು 1941ರಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿ ಕಲ್ಪಿಸಿದ ಸಾಧನ ಇದು, ವೆಲ್ಕ್ರೋ ಎಂಬ ವ್ಯಾಪಾರನಾಮದಿಂದ ಪರಿಚಿತ. ಸಣ್ಣ, ಹಗುರ ಫಲಕಗಳಿಗೆ, ನೀರು ಸಿಡಿಯದ ಕಡೆ ಮಾತ್ರ ಬಳಸಬಹುದು. ಟೇಪಿನ ಅಂಟು ನುಣುಪಾದ ಟೈಲ್ಸಿಗೆ ಹಿಡಿಯುವಷ್ಟು ಸುಣ್ಣ ಬಳಿದ ಗೋಡೆಗೆ ಹಿಡಿಯದು.

ಎರಡು ಬದಿಯ ಅಂಟುಟೇಪು ಹಾಗೂ ದ್ರವರೂಪದ ಅಂಟುಗಳನ್ನು ಕಳಚಬಹುದಾದ ವಿಧಾನವೆಂದು ಮಾರಲಾಗುತ್ತದೆಯಾದರೂ, ತೆಗೆಯುವಾಗ ಬಣ್ಣವೋ ಗಾರೆಯೋ ಜೊತೆಯಲ್ಲಿ ಕಿತ್ತು ಬರುವುದುಂಟು.

ಜೋಡಿಸುವ ಕ್ರಮ

ಇಲ್ಲಿ ಉದಾಹರಣೆಯಾಗಿ, ಟೈಲ್ಸ್ ಹಾಕಿದ ಇಟ್ಟಿಗೆ ಗೋಡೆಯ ಮೇಲೆ, ಕೈತೊಳೆಯುವ ಬೇಸಿನ್ನಿನ ಪಕ್ಕದ ಒಣಭಾಗದಲ್ಲಿ 600 ಮಿ.ಮೀ. ಅಗಲ, 1200 ಮಿ.ಮೀ. ಎತ್ತರ, 6 ಮಿ.ಮೀ. ದಪ್ಪದ ಕಾಂಪ್ಯಾಕ್ಟ್ ಲ್ಯಾಮಿನೇಟ್ ಫಲಕವನ್ನು ಅಲ್ಯೂಮಿನಿಯಂ ಕೊಕ್ಕೆಪಟ್ಟಿಯಿಂದ ಜೋಡಿಸುವ ಕ್ರಮವನ್ನು ವಿವರಿಸಲಾಗಿದೆ. ಈ ಫಲಕದ ವಿಸ್ತೀರ್ಣ 0.72 ಚದರ ಮೀಟರ್. ತೂಕ ಸುಮಾರು 6 ಕೆ.ಜಿ.

1. ಸ್ನಾನಗೃಹದ ವಿದ್ಯುತ್ ಸಂಪರ್ಕವನ್ನು ಮುಖ್ಯ ಫಲಕದಲ್ಲಿಯೇ ಕಡಿತಗೊಳಿಸಬೇಕು. ಡ್ರಿಲ್ಲಿಗೆ ಬೇರೆ ಕೋಣೆಯಿಂದ ವಿದ್ಯುತ್ ಪಡೆಯಬೇಕು ಅಥವಾ ಬ್ಯಾಟರಿಯ ಡ್ರಿಲ್ ಬಳಸಬೇಕು.

2. ಗೋಡೆಯೊಳಗಿನ ಕೊಳವೆ ಮತ್ತು ತಂತಿಗಳ ದಾರಿಯನ್ನು ಗುರುತಿಸಬೇಕು. ಸಾಮಾನ್ಯವಾಗಿ ಇವು ನಲ್ಲಿ, ಷವರ್, ಗೀಜರ್ ಮತ್ತು ಸ್ವಿಚ್ಚುಗಳಿಂದ ನೇರವಾಗಿ ಮೇಲೆ, ಕೆಳಗೆ ಅಥವಾ ಅಡ್ಡಲಾಗಿ ಸಾಗುತ್ತವೆ. ಈ ರೇಖೆಗಳ ಎರಡೂ ಬದಿ 15 ಸೆಂ.ಮೀ. ಜಾಗದಲ್ಲಿ ಕೊರೆಯಬಾರದು. ಮನೆ ಕಟ್ಟುವಾಗ ತೆಗೆದ ಛಾಯಾಚಿತ್ರಗಳಿದ್ದರೆ ಬಹಳ ಉಪಯುಕ್ತ.

3. ಟೈಲ್ಸನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದರೆ ಅದರ ಹಿಂದೆ ಗಾರೆ ಬಿಟ್ಟಿದೆ ಎಂದರ್ಥ. ಅಂತಹ ಟೈಲ್ಸ್ ಕೊರೆಯುವಾಗ ಒಡೆಯುತ್ತದೆ.

4. ರಸಮಟ್ಟವನ್ನು ಇಟ್ಟು ಗೋಡೆಪಟ್ಟಿಯ ಅಡ್ಡರೇಖೆಯನ್ನು ಎಳೆಯಬೇಕು. ನೆಲವನ್ನು ಆಧಾರವಾಗಿ ಅಳೆಯುವುದು ತಪ್ಪು; ಬಚ್ಚಲಿನ ನೆಲ ನೀರು ಹರಿಯಲೆಂದು ಇಳಿಜಾರಾಗಿಯೇ ಇರುತ್ತದೆ.

5. ಪಟ್ಟಿಗೆ ನಾಲ್ಕು ರಂಧ್ರಗಳನ್ನು ಗುರುತಿಸಿ, ಗುರುತಿನ ಮೇಲೆ ಕಾಗದದ ಟೇಪು ಅಂಟಿಸಬೇಕು. ಇದರಿಂದ ಡ್ರಿಲ್ಲಿನ ಮೊನೆ ಜಾರದು. ಟೈಲ್ಸ್ ದಾಟುವವರೆಗೆ ಬಡಿತವಿಲ್ಲದೆ, ನಿಧಾನವಾಗಿ ಕೊರೆಯಬೇಕು. ವಿಟ್ರಿಫೈಡ್ ಟೈಲ್ಸಿಗೆ ವಜ್ರದ ಮೊನೆಯ ಬಿಟ್ ಬೇಕಾಗಬಹುದು. ಸಂದಿನಲ್ಲಿ ಕೊರೆದರೆ ಮುಂದೆ ಮುಚ್ಚುವುದು ಸುಲಭ. ಆದರೆ ಸಂದು ಬಿಟ್ಟಿನಷ್ಟು ಅಗಲವಿಲ್ಲದಿದ್ದರೆ ಎರಡೂ ಕಡೆಯ ಟೈಲ್ಸಿನ ಅಂಚು ಚಕ್ಕೆ ಏಳುತ್ತದೆ.

6. ಪ್ಲಗ್ ಟೈಲ್ಸ್ ಮತ್ತು ಗಾರೆಯನ್ನು ದಾಟಿ ಇಟ್ಟಿಗೆಯೊಳಗೆ ಕೂರಬೇಕು. ಟೈಲ್ಸ್ 8 ಮಿ.ಮೀ., ಗಾರೆ 15 ಮಿ.ಮೀ. ಇದ್ದರೆ ಮೊದಲ 23 ಮಿ.ಮೀ. ಆಧಾರವಾಗಿ ಎಣಿಕೆಗೆ ಬರುವುದಿಲ್ಲ. ಆದ್ದರಿಂದ 60 ಮಿ.ಮೀ. ಅಥವಾ ಅದಕ್ಕಿಂತ ಉದ್ದದ ಸ್ಕ್ರೂ ಬೇಕು. ಪ್ಲಗ್ ಟೈಲ್ಸಿನೊಳಗೇ ಹಿಗ್ಗಿದರೆ ಟೈಲ್ಸ್ ಸೀಳುತ್ತದೆ.

7. ರಂಧ್ರದ ಪುಡಿಯನ್ನು ಹೊರತೆಗೆದು, ಪ್ಲಗ್ ಸೇರಿಸಿ, ಬಾಯಿಗೆ ಸ್ವಲ್ಪ ಸಿಲಿಕೋನ್ ತುಂಬಿ ಸ್ಕ್ರೂ ಬಿಗಿಯಬೇಕು. ಸಿಲಿಕೋನ್ ನೀರನ್ನು ಟೈಲ್ಸಿನ ಹಿಂದೆ ಇಳಿಯಗೊಡದು. ವಿನೆಗರಿನ ವಾಸನೆ ಬೀರುವ ಸಿಲಿಕೋನ್ ಕೆಲವು ಲೋಹಗಳನ್ನು ತಿನ್ನುತ್ತದೆ. ಆದ್ದರಿಂದ ನ್ಯೂಟ್ರಲ್ ಬಗೆಯದನ್ನು ಆರಿಸಬೇಕು. ಕರಾವಳಿಯಲ್ಲಿ ಉಪ್ಪುಗಾಳಿಗೆ 316 ದರ್ಜೆಯ ಸ್ಟೇನ್‌ಲೆಸ್ ಉಕ್ಕು 304 ದರ್ಜೆಗಿಂತ ಹೆಚ್ಚು ಬಾಳುತ್ತದೆ.

8. ಫಲಕದ ಹಿಂಭಾಗದ ಮೇಲ್ಬದಿಗೆ ಜೋಡಿಪಟ್ಟಿಯನ್ನೂ ಕೆಳಬದಿಗೆ ಅಷ್ಟೇ ದಪ್ಪದ ಎರಡು ರಬ್ಬರ್ ಗುಂಡಿಗಳನ್ನೂ ಹಿಡಿಸಬೇಕು. ಗುಂಡಿಗಳಿಲ್ಲದಿದ್ದರೆ ಫಲಕದ ಬುಡ ಗೋಡೆಯತ್ತ ವಾಲುತ್ತದೆ. ಫಲಕಕ್ಕೆ ಹಾಕುವ ಸ್ಕ್ರೂ 6 ಮಿ.ಮೀ.ಗಿಂತ ಒಳಗೇ ನಿಲ್ಲುವಂತೆ ಮೊದಲೇ ಅಳೆದಿರಬೇಕು.

9. ಇಬ್ಬರು ಸೇರಿ ಫಲಕವನ್ನು ಎತ್ತಿ ಕೊಕ್ಕೆಗೆ ಇಳಿಸಬೇಕು. ಮೇಲೆ ಮತ್ತು ಕೆಳಗೆ ಕನಿಷ್ಠ 10 ಮಿ.ಮೀ. ತೆರೆದಿದ್ದರೆ ಹಿಂದೆ ಗಾಳಿ ಏರಿಳಿದು ತೇವ ಒಣಗುತ್ತದೆ.

10. ಮಕ್ಕಳು ಎಳೆದಾಗ ಅಥವಾ ತಲೆ ತಾಗಿದಾಗ ಫಲಕ ಮೇಲೆದ್ದು ಬೀಳದಂತೆ ಒಂದು ಚಿಕ್ಕ ತಡೆಸ್ಕ್ರೂವನ್ನು ಹಾಕಬೇಕು. ಕೊಕ್ಕೆಪಟ್ಟಿಯ ಜೋಡಣೆಯಲ್ಲಿ ಜನರು ಸಾಮಾನ್ಯವಾಗಿ ಮರೆಯುವ ಹಂತ ಇದು.

ಪಿ.ವಿ.ಸಿ. ಪಟ್ಟಿಗಳನ್ನು ಬಳಸುವಾಗ ಹಿಗ್ಗುವಿಕೆಯನ್ನು ಲೆಕ್ಕ ಹಾಕಬೇಕು. ಪಿ.ವಿ.ಸಿ. ಒಂದು ಮೀಟರ್ ಉದ್ದಕ್ಕೆ ಒಂದು ಡಿಗ್ರಿಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ. 2.4 ಮೀಟರ್ ಉದ್ದದ ಪಟ್ಟಿ 20 ಡಿಗ್ರಿ ಉಷ್ಣತೆ ಏರಿದಾಗ 2.4 × 20 × 0.07, ಅಂದರೆ ಸುಮಾರು 3.4 ಮಿ.ಮೀ. ಉದ್ದವಾಗುತ್ತದೆ. ತುದಿಯಲ್ಲಿ 5 ಮಿ.ಮೀ. ಜಾಗ ಬಿಟ್ಟು ಅದನ್ನು ಬೀಡಿಂಗಿನಿಂದ ಮುಚ್ಚದಿದ್ದರೆ ಬೇಸಿಗೆಯಲ್ಲಿ ಪಟ್ಟಿ ಬಿಲ್ಲಿನಂತೆ ಬಾಗುತ್ತದೆ.

ಷವರಿನ ಕೆಳಗಿನ ಒದ್ದೆಭಾಗದಲ್ಲಿ ಫಲಕವನ್ನು ಜಲನಿರೋಧಕ ಪದರವೆಂದು ಭಾವಿಸಬಾರದು. ಅದರ ಹಿಂದೆ ಟೈಲ್ಸ್ ಅಥವಾ ಜಲನಿರೋಧಕ ಲೇಪನ ಇರಲೇಬೇಕು. ಅಲ್ಲಿ ಮೇಲಂಚು ಮತ್ತು ಪಕ್ಕದಂಚುಗಳಿಗೆ ಸಿಲಿಕೋನ್ ಹಾಕಿ, ಒಳಸೇರಿದ ನೀರು ಹರಿದುಹೋಗಲು ಕೆಳಂಚನ್ನು ತೆರೆದಿಡುವುದು ರೂಢಿ.

ಸುರಕ್ಷತೆ

ಅನಿಲ ಗೀಜರ್: ಎಲ್.ಪಿ.ಜಿ. ಉರಿಯಲು ಗಾಳಿ ಬೇಕು. ಮುಚ್ಚಿದ ಚಿಕ್ಕ ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾದಾಗ ಜ್ವಾಲೆ ಅಪೂರ್ಣವಾಗಿ ಉರಿದು ಕಾರ್ಬನ್ ಮಾನಾಕ್ಸೈಡ್ ಉಂಟಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚಿನ ಸೆಳೆತದಿಂದ ಇದನ್ನು ಹಿಡಿದುಕೊಳ್ಳುತ್ತದೆ. ಸ್ನಾನ ಮಾಡುತ್ತಿರುವವರಿಗೆ ತಲೆಸುತ್ತು ಬಂದು, ಬಾಗಿಲು ತೆರೆಯುವ ಶಕ್ತಿಯೂ ಉಳಿಯದೆ ಪ್ರಜ್ಞೆ ತಪ್ಪುತ್ತದೆ. ಬೆಂಗಳೂರು ಸೇರಿದಂತೆ ಕರ್ನಾಟಕದ ನಗರಗಳಲ್ಲಿ ಇಂತಹ ಸಾವುಗಳು ಸಂಭವಿಸಿವೆ. ಆದ್ದರಿಂದ ಅಂದಕ್ಕಾಗಿ ಗವಾಕ್ಷಿಯನ್ನೋ ಗಾಳಿಕಿಂಡಿಯನ್ನೋ ಫಲಕದಿಂದ ಮುಚ್ಚುವುದು ಎಷ್ಟು ಮಾತ್ರಕ್ಕೂ ಸಲ್ಲದು. ಅನಿಲ ಗೀಜರನ್ನು ಸ್ನಾನಗೃಹದ ಹೊರಗೆ, ಗಾಳಿಯಾಡುವ ಸ್ಥಳದಲ್ಲಿ ಇಡುವುದೇ ಸರಿಯಾದ ಕ್ರಮ.

ವಿದ್ಯುತ್ತು: ಭಾರತದಲ್ಲಿ ಮನೆಗಳಿಗೆ 230 ವೋಲ್ಟ್ ವಿದ್ಯುತ್ ಪೂರೈಕೆಯಾಗುತ್ತದೆ. ಒದ್ದೆಯಾದ ಮೈ ವಿದ್ಯುತ್ತಿಗೆ ಸುಲಭವಾಗಿ ದಾರಿಯಾಗುತ್ತದೆ. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ 60364 ಸಂಖ್ಯೆಯ ಮಾನಕವು ಸ್ನಾನಗೃಹವನ್ನು ವಲಯಗಳಾಗಿ ವಿಂಗಡಿಸಿ, ಷವರಿನ ಸುತ್ತ 2.25 ಮೀಟರ್ ಎತ್ತರದವರೆಗಿನ ಜಾಗಕ್ಕೆ ಕಟ್ಟುನಿಟ್ಟಿನ ನಿಯಮಗಳನ್ನು ಹೇಳುತ್ತದೆ. ಫಲಕದ ಹಿಂದೆ ತಂತಿಯ ಕೂಡುಗಂಟುಗಳನ್ನು ಬಚ್ಚಿಡಬಾರದು. ದೀಪವುಳ್ಳ ಫಲಕಕ್ಕೆ ಕಡಿಮೆ ವೋಲ್ಟೇಜಿನ ಪೂರೈಕೆ ಇರಬೇಕು. ಸ್ನಾನಗೃಹದ ಸರ್ಕ್ಯೂಟಿಗೆ 30 ಮಿಲಿಆಂಪಿಯರ್ ಆರ್.ಸಿ.ಸಿ.ಬಿ. ಅವಶ್ಯ.

ಬೆಂಕಿ: ಪಿ.ವಿ.ಸಿ. ತಾನಾಗಿ ಸುಲಭವಾಗಿ ಹೊತ್ತಿಕೊಳ್ಳದು. ಆದರೆ ಉರಿದಾಗ ಹೈಡ್ರೋಜನ್ ಕ್ಲೋರೈಡ್ ಎಂಬ ಕಟುವಾದ ಅನಿಲವನ್ನು ಹೊರಸೂಸುತ್ತದೆ. ಹಂಡೆಯ ಕೆಳಗೆ ಸೌದೆ ಉರಿಸಿ ನೀರು ಕಾಯಿಸುವ ಹಳ್ಳಿಯ ಬಚ್ಚಲುಮನೆಗಳಲ್ಲಿ ಒಲೆಯ ಸಮೀಪ ಪ್ಲಾಸ್ಟಿಕ್ ಫಲಕಗಳನ್ನು ಬಳಸಬಾರದು.

ಆಸ್ಬೆಸ್ಟಾಸ್: ಹಳೆಯ ಕಟ್ಟಡಗಳ ಅಡ್ಡಗೋಡೆಗಳು ಆಸ್ಬೆಸ್ಟಾಸ್ ಸಿಮೆಂಟ್ ಹಾಳೆಯವಾಗಿರಬಹುದು. ಇವನ್ನು ಕೊರೆದರೆ ಅಥವಾ ಕತ್ತರಿಸಿದರೆ ಏಳುವ ಸೂಕ್ಷ್ಮ ಎಳೆಗಳು ಶ್ವಾಸಕೋಶದ ಗಂಭೀರ ಕಾಯಿಲೆಗಳಿಗೆ ಕಾರಣವಾಗುತ್ತವೆ. ಇಂತಹ ಗೋಡೆಯನ್ನು ಕೊರೆಯದಿರುವುದೇ ಲೇಸು.

ನಿರ್ವಹಣೆ

ಫಲಕದ ಮುಖವನ್ನು ನೀರು ಮತ್ತು ಸಾಧಾರಣ ಸಾಬೂನಿನಿಂದ ಮೆತ್ತನೆಯ ಬಟ್ಟೆಯಲ್ಲಿ ಒರಸಿದರೆ ಸಾಕು. ಗಡಸು ನೀರಿನ ಬಿಳಿಕಲೆಗಳಿಗೆ ನೀರು ಬೆರೆಸಿದ ವಿನೆಗರ್ ಅಥವಾ ನಿಂಬೆರಸ ಉಪಯೋಗಕ್ಕೆ ಬರುತ್ತದೆ. ತಂತಿಯ ಬ್ರಷ್ಷು ಹಾಗೂ ಉಜ್ಜುಪುಡಿಗಳಿಂದ ಹೊಳಪು ಹೋಗುತ್ತದೆ. ಬೂಷ್ಟು ತೆಗೆಯಲು ಬ್ಲೀಚ್ ಬಳಸುವಾಗ ಅದನ್ನು ಆಮ್ಲವಿರುವ ಶೌಚಾಲಯ ಶುದ್ಧಕದ ಜೊತೆಗಾಗಲಿ ವಿನೆಗರಿನ ಜೊತೆಗಾಗಲಿ ಎಂದಿಗೂ ಬೆರೆಸಬಾರದು. ವಿಷಕಾರಿಯಾದ ಕ್ಲೋರಿನ್ ಅನಿಲ ಉಂಟಾಗುತ್ತದೆ.

ವರ್ಷಕ್ಕೆ ಎರಡು ಬಾರಿ, ಮಳೆಗಾಲಕ್ಕೆ ಮುಂಚೆ ಮತ್ತು ಅದು ಮುಗಿದ ಮೇಲೆ, ಫಲಕವನ್ನು ಕಳಚಿ ಹಿಂಭಾಗವನ್ನು ನೋಡುವುದು ಒಳ್ಳೆಯ ಪದ್ಧತಿ. ಮುಗ್ಗಲು ವಾಸನೆ, ಕಪ್ಪು ಚುಕ್ಕೆ, ಸ್ಕ್ರೂವಿನ ತುಕ್ಕು, ಜಿರಲೆ ಅಥವಾ ಗೆದ್ದಲಿನ ಗುರುತು ಇವುಗಳಲ್ಲಿ ಯಾವುದು ಕಂಡರೂ ಕಾರಣವನ್ನು ಹುಡುಕಿ ಸರಿಪಡಿಸಿ, ಗೋಡೆ ಒಣಗಿದ ಮೇಲೆ ಮರಳಿ ಜೋಡಿಸಬೇಕು.

ಕಳಚುವಿಕೆ ಮತ್ತು ಬಾಡಿಗೆಮನೆ

ಬಾಡಿಗೆಮನೆಯಲ್ಲಿ ಗೋಡೆ ಕೊರೆಯುವ ಮೊದಲು ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಗೋಡೆಯ ಛಾಯಾಚಿತ್ರ ತೆಗೆದಿಡುವುದು ಉಚಿತ. ಮನೆ ಬಿಡುವಾಗ ಮುಂಗಡದ ಹಣದಲ್ಲಿ ಕಡಿತ ಮಾಡುವ ವಿಷಯದಲ್ಲಿ ವಾದ ಬೆಳೆಯದಿರಲು ಇದು ನೆರವಾಗುತ್ತದೆ. ಕಳಚುವಾಗ ತಡೆಸ್ಕ್ರೂ ಬಿಚ್ಚಿ, ಫಲಕವನ್ನು ಮೇಲಕ್ಕೆತ್ತಿ ತೆಗೆದು, ಪಟ್ಟಿಯ ಸ್ಕ್ರೂಗಳನ್ನು ಬಿಚ್ಚಬೇಕು. ಪ್ಲಗ್ಗನ್ನು ಎಳೆಯಲಾಗದಿದ್ದರೆ ಒಳಕ್ಕೆ ತಳ್ಳಿ, ಟೈಲ್ಸಿನ ಬಣ್ಣದ ಎಪಾಕ್ಸಿ ಅಥವಾ ಗ್ರೌಟಿನಿಂದ ರಂಧ್ರವನ್ನು ಮುಚ್ಚಬಹುದು. ಟೇಪಿನ ಅಂಟನ್ನು ಕೂದಲು ಒಣಗಿಸುವ ಯಂತ್ರದಿಂದ ಬಿಸಿಮಾಡಿ, ಗಟ್ಟಿದಾರವನ್ನು ಹಿಂದೆ ತೂರಿಸಿ ಗರಗಸದಂತೆ ಎಳೆದರೆ ಬಿಡಿಸಿಕೊಳ್ಳುತ್ತದೆ. ಹೀಗೆ ಬಿಸಿಮಾಡುವಾಗ ನೆಲ, ಗೋಡೆ ಮತ್ತು ಕೈ ಒಣಗಿರಬೇಕು.

ಮಿತಿಗಳು

ಕಳಚಬಹುದಾದ ಫಲಕವು ಟೈಲ್ಸಿನಷ್ಟು ಗಟ್ಟಿಯೂ ಅಲ್ಲ, ಅಷ್ಟು ಕಾಲ ಬಾಳುವುದೂ ಇಲ್ಲ. ಸೋರುವ ಗೋಡೆಗೆ ಅದು ಪರಿಹಾರವಾಗದು. ಹಿಡಿಕೆಯಾಗಿ ಅದನ್ನು ಬಳಸಲಾಗದು. ವೃದ್ಧರಿಗಾಗಿ ಹಾಕುವ ಆಸರೆಕಂಬಿಯನ್ನು ಫಲಕಕ್ಕಲ್ಲದೆ ಅದರ ಹಿಂದಿನ ಗಟ್ಟಿ ಗೋಡೆಗೇ ಬಿಗಿಯಬೇಕು. ಪಿ.ವಿ.ಸಿ. ಮಣ್ಣಿನಲ್ಲಿ ಕರಗುವುದಿಲ್ಲ, ಸುಡುವುದೂ ಹಾನಿಕರ. ಮರುಬಳಕೆಯ ಗುರುತುಗಳಲ್ಲಿ ಅದರ ಸಂಖ್ಯೆ 3. ಅದನ್ನು ಬೇರೆ ಪ್ಲಾಸ್ಟಿಕ್ಕಿನೊಡನೆ ಬೆರೆಸದೆ ಪ್ರತ್ಯೇಕವಾಗಿ ಮರುಬಳಕೆಗೆ ಕೊಡಬೇಕಾಗುತ್ತದೆ. ಆದುದರಿಂದ ಒಂದೇ ಫಲಕವನ್ನು ಬಿಚ್ಚಿ ಮರಳಿ ಬಳಸುವಂತೆ ಜೋಡಿಸುವುದು ಖರ್ಚಿನ ದೃಷ್ಟಿಯಿಂದಲೂ ಪರಿಸರದ ದೃಷ್ಟಿಯಿಂದಲೂ ಮೇಲು.